ಕೂದಲು ಉದುರಲ್ಲ ಅನ್ನೋ ಒಂದೇ ಕಾರಣಕ್ಕೆ ಪೂಡಲ್ ತರಬೇಡಿ

ಎರಡು ಬೆಡ್‌ರೂಮಿನ ಫ್ಲ್ಯಾಟು, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗ್ತೀವಿ, ಸೋಫಾ ಮೇಲೆ ಕೂದಲು ಬೀಳಬಾರದು, ಹೆಚ್ಚು ಕೆಲಸ ಕೊಡಬಾರದು, ಅಂಥ ನಾಯಿ ಬೇಕು, ಪೂಡಲ್ ತರೋದಾ ಶಿಟ್ಜು ತರೋದಾ ಅಂತ ಕೇಳಿದ್ದೀರಿ. ಏಳು ವರ್ಷದ ಹಿಂದೆ ಹೆಚ್ಚುಕಮ್ಮಿ ಇದೇ ಮಾತನ್ನ ನಾನು ನಮ್ಮಮ್ಮನ ಮುಂದೆ ಹೇಳಿದ್ದೆ. ಅವರು ಹುರುಳಿಕಾಯಿ ನಾರು ತೆಗೀತಾ ಕೂತಿದ್ದರು. "ಉದುರಲ್ವಾ? ಮತ್ತೆ ಬಿಟ್ಟ ಕೂದಲೆಲ್ಲ ಎಲ್ಲಿಗೆ ಹೋಗುತ್ತೆ?" ಅಂದರು. ಅಮ್ಮನಿಗೇನು ಗೊತ್ತು ಅಂತ ನಕ್ಕುಬಿಟ್ಟೆ. ಉತ್ತರ ಸಿಕ್ಕಿದ್ದು ಮರಿ ಮನೆಗೆ ಬಂದು ಎಂಟು ತಿಂಗಳಾದ ಮೇಲೆ, 4,300 ರೂಪಾಯಿ ಕೊಟ್ಟು.

ನಮ್ಮದು ಟಾಯ್ ಪೂಡಲ್, ಅಂದ್ರೆ ಪೂಡಲ್‌ಗಳಲ್ಲೇ ತೀರಾ ಚಿಕ್ಕ ಅಳತೆಯದು, ಹೆಣ್ಣು. ಹೆಸರು ಬೆಲ್ಲ. ಅಪಾರ್ಟ್‌ಮೆಂಟಿನವರೆಲ್ಲ ಇಂಗ್ಲಿಷಿನ ಬೆಲ್ಲಾ ಅಂದುಕೊಂಡಿದ್ದಾರೆ. ನಾವಿಟ್ಟಿದ್ದು ಅಚ್ಚುಬೆಲ್ಲದ ಬಣ್ಣ ನೋಡಿ.

ತಪ್ಪನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ಮರಿ ಮಾರೋರು ಇದನ್ನ ಹೇಳಲ್ಲ. ಪೂಡಲ್ ಕೂದಲು ಉದುರಲ್ಲ ಅನ್ನೋದು ಅರ್ಧ ನಿಜ. ಬುಡ ಬಿಟ್ಟ ಕೂದಲು ನೆಲಕ್ಕೆ ಬೀಳೋ ಬದಲು ಪಕ್ಕದ ಗುಂಗುರಿಗೆ ಸಿಕ್ಕಿಕೊಂಡು ಅಲ್ಲೇ ಉಳಿಯುತ್ತೆ. ಉಳಿದ ಕೂದಲಂತೂ ನಮ್ಮ ತಲೆಕೂದಲಿನ ಹಾಗೆ ಬೆಳೀತಾನೇ ಇರುತ್ತೆ. ನಾನು ದಿನಾ ರಾತ್ರಿ ಟೀವಿ ಮುಂದೆ ಕೂತು ತೊಡೆ ಮೇಲೆ ಮಲಗಿಸಿಕೊಂಡು ಬ್ರಷ್ ಮಾಡ್ತಿದ್ದೆ. ತಪ್ಪಿಸಿದ ದಿನವೇ ಇಲ್ಲ! ಬ್ರಷ್ ಸರಾಗವಾಗಿ ಹೋಗ್ತಿತ್ತು, ಮೈ ಹತ್ತಿ ಹಾಗೆ ಉಬ್ಬಿ ಮುದ್ದಾಗಿ ಕಾಣ್ತಿತ್ತು. ಆದರೆ ಬ್ರಷ್ ಹೋಗ್ತಿದ್ದದ್ದು ಮೇಲಿನ ಒಂದು ಇಂಚಿನಲ್ಲಿ ಮಾತ್ರ. ಚರ್ಮದ ಹತ್ತಿರ ಏನಾಗ್ತಿದೆ ಅಂತ ಒಂದು ದಿನವೂ ಬೆರಳು ಹಾಕಿ ನೋಡಲಿಲ್ಲ.

ಅದರ ಮೇಲೆ ಇನ್ನೊಂದು. ಒಂಬತ್ತು ಹತ್ತು ತಿಂಗಳ ಹೊತ್ತಿಗೆ ಮರಿಗೂದಲು ಹೋಗಿ ದೊಡ್ಡ ನಾಯಿಯ ಒರಟು ಗುಂಗುರು ಬರುತ್ತೆ. ಸಿಕ್ಕು ಆಗೋದು ಆಗಲೇ ಅತಿ ಹೆಚ್ಚು, ಬೆಳಿಗ್ಗೆ ಬಿಡಿಸಿದ್ದು ಸಂಜೆಗೆ ಮತ್ತೆ ಗಂಟು. ಸರಿಯಾಗಿ ಅದೇ ಕಾಲದಲ್ಲಿ ನಾನು ಪ್ರತಿ ಭಾನುವಾರ ಸ್ನಾನ ಮಾಡಿಸಿ, ಟವಲಿನಲ್ಲಿ ಗಸಗಸ ಉಜ್ಜಿ ಒರೆಸ್ತಿದ್ದೆ. ಸಿಕ್ಕು ಬಿಡಿಸದೆ ನೀರು ಹಾಕಿ ಉಜ್ಜಿದರೆ ಏನಾಗುತ್ತೆ ಅಂತ ಕಂಬಳಿ ಮಾಡೋರನ್ನ ಕೇಳಿ. ಒದ್ದೆ ಉಣ್ಣೆಯನ್ನ ಉಜ್ಜಿ ಒತ್ತಿದಷ್ಟೂ ಎಳೆ ಎಳೆ ಹೆಣೆದುಕೊಂಡು ಜಡ್ಡಾಗುತ್ತೆ. ನಾನು ಪ್ರತಿ ವಾರ ನಾಯಿಯ ಮೈಮೇಲೇ ಕಂಬಳಿ ತಯಾರಿಸ್ತಿದ್ದೆ.

ಕೊನೆಗೆ ನಾಯಿಗಳ ಕೂದಲು ಕತ್ತರಿಸಿ ಗ್ರೂಮಿಂಗ್ ಮಾಡೋ ಹುಡುಗಿ ಒಂದು ಸ್ಟೀಲ್ ಬಾಚಣಿಗೆ ತೊಗೊಂಡು ಬೆಲ್ಲಳ ಕಿವಿ ಹಿಂದೆ ಇಟ್ಟಳು. ಅರ್ಧ ಇಂಚು ಇಳಿದು ನಿಂತುಬಿಡ್ತು. ಕಂಕುಳಲ್ಲಿ, ತೊಡೆ ಸಂದಿಯಲ್ಲಿ, ಹಾರ್ನೆಸ್ (ಮೈಗೆ ಕಟ್ಟೋ ಪಟ್ಟಿ) ಕೂರೋ ಎದೆ ಹತ್ತಿರ, ಎಲ್ಲಿಟ್ಟರೂ ಅಷ್ಟೇ. "ಮೇಡಂ, ಇದು ಬಾಚೋ ಕೂದಲಲ್ಲ, ಬೋಳಿಸಲೇಬೇಕು" ಅಂದಳು. ಮಷೀನ್ ಹಾಕಿದಾಗ ಕೂದಲು ಎಳೆ ಎಳೆಯಾಗಿ ಬೀಳಲಿಲ್ಲ, ಬೆನ್ನಿನದು ಒಂದೇ ತುಂಡಾಗಿ ಕಳಚಿ ಬಂತು, ಕೈಯಲ್ಲಿ ಹಿಡಿದರೆ ಮಡಚಬಹುದಿತ್ತು. ಕೆಳಗೆ ಚರ್ಮ ಕೆಂಪಗಾಗಿತ್ತು. ಬಲಗಡೆ ಕಂಕುಳಲ್ಲಿ ಗಂಟು ಎಳೆದೂ ಎಳೆದೂ ಹುಣ್ಣೇ ಆಗಿತ್ತು. ತಿಂಗಳುಗಟ್ಟಲೆ ಅದು ಪ್ರತಿ ಹೆಜ್ಜೆಗೂ ನೋವು ತಿಂದಿದೆ, ನಾನು ಮುದ್ದಾಗಿದೆ ಅಂತ ಫೋಟೋ ತೆಗೀತಿದ್ದೆ. ಗ್ರೂಮಿಂಗು, ಡಾಕ್ಟರು, ಮುಲಾಮು ಎಲ್ಲ ಸೇರಿ ಆ 4,300.

ಆಗಷ್ಟೇ ಹುಟ್ಟಿದ ಮೇಕೆಮರಿ ಥರ ಇದ್ದ ಬೆಲ್ಲಳನ್ನ ಎತ್ತಿಕೊಂಡು ಲಿಫ್ಟಿನಿಂದ ಇಳಿದರೆ, ಎದುರು ಮನೆಯವರು "ಅಯ್ಯೋ, ಇಲಿ ತಂದ್ರಾ?" ಅಂತ ಜೋರಾಗಿ ನಕ್ಕರು. ಅದು ಅವರ ಮುಖ ನೋಡ್ತು, ನನ್ನ ಮುಖ ನೋಡ್ತು, ಒಳಗೆ ಹೋಗಿ ದಿವಾನ್ ಕೆಳಗೆ ಸೇರಿಕೊಳ್ತು. ಮೂರು ದಿನ ಊಟಕ್ಕೆ ಮಾತ್ರ ಹೊರಗೆ. ಇವತ್ತಿಗೂ ಆ ಮನೆಯವರು ಬಿಸ್ಕೆಟ್ ಕೊಟ್ಟರೆ ಮೂಸಿ ನೋಡಿ ಹಿಂದೆ ಸರಿಯುತ್ತೆ. ನಾಯಿಗೆ ಅವಮಾನ ಗೊತ್ತಾಗಲ್ಲ ಅನ್ನೋರು ಪೂಡಲ್ ಸಾಕಿಲ್ಲ ಅಂತ ನನ್ನ ಲೆಕ್ಕ.

ಬ್ರಷ್ ಕಂಡರೆ ಓಡ್ತಿದ್ದ ಬೆಲ್ಲಳನ್ನ ಸರಿ ಮಾಡಿದ್ದು ಅಮ್ಮ. "ಕೊಡು ಇಲ್ಲಿ" ಅಂತ ನನ್ನ ಕೈಯಿಂದ ಬಾಚಣಿಗೆ ಕಿತ್ತುಕೊಂಡು, ಸ್ಕೂಲಿಗೆ ಹೋಗೋವಾಗ ನನಗೆ ಬೈತಲೆ ತೆಗೀತಿದ್ದ ಹಾಗೆ, ಕಾಲಿನ ಹತ್ತಿರದಿಂದ ಒಂದೊಂದೇ ಸಾಲು ಬಿಡಿಸಿ, ಬಿಳಿ ಚರ್ಮ ಕಾಣೋ ಹಾಗೆ ಬುಡದಿಂದ ತುದಿಗೆ ಬಾಚಿದರು. ಆಮೇಲೆ ಓದಿ ತಿಳಿದರೆ ಅದೇ ಸರಿಯಾದ ಕ್ರಮ. ದಿನಕ್ಕೆ ಹದಿನೈದು ನಿಮಿಷ. ಸ್ನಾನಕ್ಕೆ ಮುಂಚೆ ಸಿಕ್ಕು ಬಿಡಿಸಬೇಕು, ಆಮೇಲೆ ಉಜ್ಜದೆ ಒತ್ತಿ ಒರೆಸಬೇಕು. ಐದಾರು ವಾರಕ್ಕೊಮ್ಮೆ ಕಟಿಂಗ್. ಪುರುಸೊತ್ತಿಲ್ಲ ಅಂದ್ರೆ ಯಾವಾಗಲೂ ಅರ್ಧ ಇಂಚಿಗೆ ಕತ್ತರಿಸಿಡಿ, ಟೆಡ್ಡಿ ಬೇರ್ ಥರ ಕಾಣಲಿಲ್ಲ ಅಂತ ಯಾರೂ ಸಾಯಲ್ಲ.

ಈಗ ನಿಮ್ಮ "ಕೆಲಸ ಕೊಡಬಾರದು" ಅನ್ನೋ ಮಾತಿಗೆ ಬರ್ತೀನಿ. ಪೂಡಲ್ ಅಂದ್ರೆ ಶ್ರೀಮಂತರ ಮಡಿಲಲ್ಲಿ ಕೂರೋ ಶೋಕಿ ನಾಯಿ ಅಂತ ನಾನೂ ಅಂದುಕೊಂಡಿದ್ದೆ. ಹುಟ್ಟಿನಲ್ಲಿ ಅದು ನೀರಿಗಿಳಿದು ಬಾತುಕೋಳಿ ಬೇಟೆ ಹೊತ್ತು ತರೋ ನಾಯಿ. ಜರ್ಮನ್ ಹೆಸರಿನಲ್ಲೇ ನೀರಲ್ಲಿ ಪಚಪಚ ಆಡೋದು ಅನ್ನೋ ಅರ್ಥ ಇದೆ, ಫ್ರೆಂಚರ ಕನೀಷ್ ಅನ್ನೋ ಹೆಸರಿನ ಹಿಂದೆ ಬಾತುಕೋಳಿಯೇ ಇದೆ. ಡಾಗ್ ಶೋಗಳಲ್ಲಿ ನೋಡಿ ನಗ್ತೀವಲ್ಲ, ಎದೆ ತುಂಬ ಕೂದಲು, ಕಾಲ್ಗಂಟಿನಲ್ಲಿ ಪೊಂಪೊಂ, ಹಿಂಭಾಗ ಬೋಳು, ಅದು ಶುರುವಾಗಿದ್ದು ಈಜೋಕೆ ಹಗುರಾಗಲಿ, ಎದೆಗೂ ಕೀಲಿಗೂ ಚಳಿ ತಾಗದಿರಲಿ ಅಂತ. 1988ರಲ್ಲಿ ಜಾನ್ ಸ್ಯೂಟರ್ ಅನ್ನೋ ಮನುಷ್ಯ ಅಲಾಸ್ಕಾದಲ್ಲಿ ನಾಯಿಗಳು ಎಳೆಯೋ ಇಡಿಟರಾಡ್ ಹಿಮಗಾಡಿ ಓಟಕ್ಕೆ ದೊಡ್ಡ ಪೂಡಲ್‌ಗಳನ್ನೇ ಕಟ್ಟಿಕೊಂಡು ಹೊರಟಿದ್ದ! ಅಲ್ಲೂ ತೊಂದರೆ ಕೊಟ್ಟಿದ್ದು ಈ ಕೂದಲೇ, ಹಿಮಕ್ಕೆ ಸಿಕ್ಕುಗಟ್ಟಿತು. ಆಮೇಲೆ ಆ ಓಟವನ್ನ ಉತ್ತರದ ಚಳಿನಾಡಿನ ತಳಿಗಳಿಗೆ ಮಾತ್ರ ಅಂತ ಮಾಡಿದರು.

ಇಂಥ ನಾಯಿಗೆ ತಲೆಗೆ ಕೆಲಸ ಬೇಕು. 1994ರಲ್ಲಿ ಸ್ಟ್ಯಾನ್ಲಿ ಕೋರೆನ್ ಅನ್ನೋ ಮನಶ್ಶಾಸ್ತ್ರಜ್ಞ ಮಾಡಿದ ಬುದ್ಧಿವಂತ ತಳಿಗಳ ಪಟ್ಟಿಯಲ್ಲಿ ಬಾರ್ಡರ್ ಕಾಲಿ ಮೊದಲು, ಪೂಡಲ್ ಎರಡನೆಯದು. ಮೇಲಿನ ಗುಂಪಿನ ನಾಯಿಗಳು ಹೊಸ ಮಾತನ್ನ ಐದು ಸಲದೊಳಗೆ ಕಲೀತಾವೆ ಅಂತ ಲೆಕ್ಕ. ಕೆಟ್ಟದ್ದನ್ನೂ ಅಷ್ಟರಲ್ಲೇ ಕಲಿಯುತ್ತೆ, ಅದನ್ನ ಯಾವ ಪಟ್ಟಿಯೂ ಹೇಳಲ್ಲ. ನಮ್ಮನೇಲಿ ಕುಕ್ಕರ್ ಮೂರು ಕೂಗಿದ ಮೇಲೆ ಅಮ್ಮ ಒಲೆ ಆರಿಸೋಕೆ ಏಳ್ತಾರೆ. ಬೆಲ್ಲ ಮೊದಲನೇ ಕೂಗಿಗೆ ಕಣ್ಣು ಬಿಡುತ್ತೆ, ಎರಡನೇದಕ್ಕೆ ಕಿವಿ, ಮೂರನೇದಕ್ಕೆ ಅಡುಗೆಮನೆ ಬಾಗಿಲಲ್ಲಿ ಹಾಜರ್. ಒಮ್ಮೆ ಅಮ್ಮ ಫೋನಿನಲ್ಲಿ ಮೈಮರೆತು ನಾಲ್ಕನೇದು ಕೂಗಿದಾಗ ಬಂದು ಸೆರಗು ಎಳೆದಿತ್ತು. ನಾನು ಬ್ಯಾಂಕಿನಿಂದ ಸಿಟ್ಟಿನಲ್ಲಿ ಬಂದ ದಿನ ಚೆಂಡು ತರಲ್ಲ, ಸುಮ್ಮನೆ ಪಾದದ ಮೇಲೆ ಗಲ್ಲ ಇಟ್ಟು ಮಲಗುತ್ತೆ.

ಇಂಥದ್ದನ್ನ ದಿನಕ್ಕೆ ಒಂಬತ್ತು ಗಂಟೆ ಖಾಲಿ ಫ್ಲ್ಯಾಟಿನಲ್ಲಿ ಬೀಗ ಹಾಕಿ ಹೋಗ್ತೀರಾ? ಹಾಗಿದ್ದರೆ ನನ್ನ ಉತ್ತರ ಬೇಡ ಅಂತಲೇ. ನನಗೆ ಸಾಧ್ಯವಾಗಿದ್ದು ಹಗಲು ಮನೇಲಿ ಅಮ್ಮ ಇದ್ದದ್ದಕ್ಕೆ.

ನಿಮ್ಮನೇಲೂ ಹಾಗೆ ಯಾರಾದರೂ ಇದ್ದರೆ, ಟಾಯ್‌ಗಿಂತಲೂ ಚಿಕ್ಕದು, ಟೀಕಪ್ ಪೂಡಲ್ ಅಂತ ಹೇಳಿ ಜಾಸ್ತಿ ದುಡ್ಡು ಕೇಳೋರ ಹತ್ತಿರ ಹೋಗಬೇಡಿ. ಅಂಥ ಅಳತೆಯನ್ನ ನಾಯಿ ತಳಿಗಳನ್ನ ನೋಂದಾಯಿಸೋ ದೊಡ್ಡ ಕೆನಲ್ ಕ್ಲಬ್‌ಗಳು ಒಪ್ಪಲ್ಲ, ಹೆಗಲಿನ ಹತ್ತಿರ 10-11 ಇಂಚಿನೊಳಗಿನ ಟಾಯ್‌ಗೆ ಮುಗೀತು. ಎಂಟು ವಾರ ತುಂಬದ ಮರಿ ಮಾರಬಾರದು ಅಂತ 2017ರ ಕೇಂದ್ರದ ನಿಯಮವೇ ಇದೆ. ತಾಯಿ ನಾಯಿಯನ್ನ ಕಣ್ಣಾರೆ ನೋಡಿ, ಮರಿಯ ಮಂಡಿಚಿಪ್ಪು ಜಾರುತ್ತಾ ಅಂತ ಡಾಕ್ಟರ ಹತ್ತಿರ ತೋರಿಸಿ, ಟಾಯ್‌ಗಳಲ್ಲಿ ಅದು ಸಾಮಾನ್ಯ.

ಶಿಟ್ಜು ಬಗ್ಗೆ ಕೇಳಿದ್ರಿ, ಮರೆತೇಹೋಗಿತ್ತು. ಅದಕ್ಕೂ ಇದೇ ಬಾಚಣಿಗೆ.