ಡಿ-9ರ ಬಣ್ಣ: ಡಬ್ಬಿ ತೆರೆಯುವ ಮೊದಲು

ಎರಡನೆಯ ಮಹಾಯುದ್ಧದ ಜರ್ಮನ್ ಯುದ್ಧವಿಮಾನ ಫೋಕೆ-ವುಲ್ಫ್ 190 ಡಿ-9ರ 1:48 ಅಳತೆಯ ಮಾದರಿ ಕಿಟ್ ಜೋಡಿಸುತ್ತಿರುವ ನೀವು ಒಂದು ಕಪ್ಪು-ಬಿಳುಪು ಫೋಟೋ ಹಾಕಿ, ಇದು ಯಾವ ದಳದ ವಿಮಾನ, ಯಾವ ಹಸಿರು ಬಳಿಯಲಿ ಎಂದು ಕೇಳಿದ್ದೀರಿ. ಜಾಲದಲ್ಲಿ ಸಿಕ್ಕ ನಾಲ್ಕು ಬಣ್ಣದ ಚಿತ್ರಗಳಲ್ಲಿ ಒಂದರಂತೆ ಇನ್ನೊಂದಿಲ್ಲ ಎಂದೂ ಬರೆದಿದ್ದೀರಿ. ಆ ನಾಲ್ಕನ್ನೂ ಪಕ್ಕಕ್ಕಿಡಿ. ಬಿಡಿಸಿದವರೂ ಬಹುಶಃ ಇದೇ ಫೋಟೋ ನೋಡಿ ಊಹಿಸಿದವರು.

ಮೊದಲು ದಳ. ಒಡಲ ಮೇಲಿನ ಶಿಲುಬೆಯ ಹಿಂದೆ ಒಂದು ಅಡ್ಡಗೆರೆ ಇದೆ, ಅಂದರೆ ದಳದ ಎರಡನೆಯ ಗ್ರೂಪೆ (ಉಪದಳ). ಅದರ ಹಿಂದೆ, ಬಾಲಕ್ಕೆ ಹತ್ತಿರ, ಎರಡು ಪಟ್ಟಿಗಳಿವೆ. 1945ರ ಆರಂಭದ ಹೊತ್ತಿಗೆ ಜರ್ಮನಿಯ ಆಕಾಶ ಕಾಯುತ್ತಿದ್ದ ದಳಗಳಿಗೆ ಇಂಥ ಪಟ್ಟಿಗಳನ್ನು ಹಂಚಲಾಗಿತ್ತು (ಜೆಜಿ ಎಂದರೆ ಫೈಟರ್ ವಿಮಾನಗಳ ದಳ): ಜೆಜಿ 1ಕ್ಕೆ ಕೆಂಪು, ಜೆಜಿ 3ಕ್ಕೆ ಬಿಳಿ, ಜೆಜಿ 54ಕ್ಕೆ ನೀಲಿ, ಹೀಗೆ. ಎರಡೇ ಪಟ್ಟಿ ಇರುವ ಡಿ-9 ಎಂದರೆ ನಾನು ಮೊದಲು ನೋಡುವುದು ಎರಡು ದಳಗಳನ್ನು: ಮುಂದೆ ಕಪ್ಪು, ಹಿಂದೆ ಬಿಳಿ ಇರುವ ಜೆಜಿ 26, ಮುಂದೆ ಹಳದಿ, ಹಿಂದೆ ಕೆಂಪು ಇರುವ ಜೆಜಿ 301. ನಿಮ್ಮ ಫೋಟೋದಲ್ಲಿ ಮುಂದಿನದು ಬೂದು, ಹಿಂದಿನದು ಕಡುಗಪ್ಪು. ನನ್ನ ಮತ ಜೆಜಿ 301ಕ್ಕೆ.

ಹಳದಿ ಇಷ್ಟು ಮಬ್ಬಾಗಿ ಕಾಣುತ್ತದೆಯೇ ಎಂದು ನಿಮಗೆ ಅನ್ನಿಸಬಹುದು. ಆಗ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಬೆಳಕು ಕಾಣುವುದಿಲ್ಲ. ಅದರಲ್ಲಿ ಕೆಂಪು ಬಣ್ಣ ಕಪ್ಪಾಗುತ್ತದೆ, ಹಳದಿ ಮಂಕಾಗುತ್ತದೆ, ನೀಲಿ ಬೆಳ್ಳಗಾಗುತ್ತದೆ. ನಿಮ್ಮ ಫಿಲ್ಮ್ ಯಾವುದು ಎಂದು ಪರೀಕ್ಷಿಸಲು ಫೋಟೋದಲ್ಲೇ ಒಂದು ಸಾಕ್ಷಿ ಇದೆ. ಇದು ವಿಮಾನದ ಬಲಮಗ್ಗುಲು. ಕಾಕ್‌ಪಿಟ್‌ನ ಕೆಳಗೆ, ಇಂಧನ ತುಂಬುವ ಮುಚ್ಚಳದ ಹತ್ತಿರ ಪುಟ್ಟ ತ್ರಿಕೋನ ಕಾಣುತ್ತದೆ, ಅದು ಹಳದಿ. ಚಿತ್ರವನ್ನು ಹಿಗ್ಗಿಸಿ, ತ್ರಿಕೋನದ ಬೂದನ್ನೂ ಮುಂದಿನ ಪಟ್ಟಿಯ ಬೂದನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ ಆದರೆ ಪಟ್ಟಿ ಹಳದಿಯೇ. ಒಡಲ ಮೇಲಿರುವ ಬಿಳಿ ಅಂಚಿನ ಕಡುಬಣ್ಣದ ಅಂಕಿಯನ್ನು ಹಿಂದಿನ ಪಟ್ಟಿಯೊಂದಿಗೆ ಹೀಗೆಯೇ ಹೋಲಿಸಿ, ಅದು ಕೆಂಪಿರಬಹುದು.

ಇನ್ನು ಹಸಿರು. ಇಲ್ಲಿ ಎಲ್ಲರೂ ಎಡವುತ್ತಾರೆ, ಏಕೆಂದರೆ ವಿಮಾನವನ್ನು ಒಂದೇ ವಸ್ತು ಎಂದುಕೊಳ್ಳುತ್ತಾರೆ. ಬಾಂಬ್ ದಾಳಿಗೆ ಹೆದರಿ ಉತ್ಪಾದನೆಯನ್ನು ಚದುರಿಸಿದ್ದರು. ರೆಕ್ಕೆ ಒಂದು ಕಡೆ, ಬಾಲ ಇನ್ನೊಂದು ಕಡೆ ತಯಾರಾಗಿ, ಎಷ್ಟೋ ಸಲ ಅಲ್ಲಲ್ಲೇ ಬಣ್ಣ ಬಳಿಸಿಕೊಂಡು ಬರುತ್ತಿದ್ದವು. 1944ರ ಬೇಸಿಗೆಯಲ್ಲಿ ಜರ್ಮನ್ ವಾಯುಯಾನ ಸಚಿವಾಲಯದ (ಆರ್‌ಎಲ್‌ಎಂ) ಬಣ್ಣದ ಸಂಖ್ಯೆಗಳಲ್ಲಿ ಹಳೆಯ ಬೂದು ಜೋಡಿ 74 ಮತ್ತು 75ರ ಬದಲು 81, 82, 83 ಬಳಸಲು ಆದೇಶವಾಯಿತು. ಆದರೆ ಹಳೆಯ ದಾಸ್ತಾನು ಮುಗಿಸಿ ಎಂದೂ ಅದೇ ಆದೇಶ ಹೇಳಿತು. ಹಾಗಾಗಿ ರೆಕ್ಕೆಯಲ್ಲಿ 75ರ ಬೂದು, ಒಡಲಲ್ಲಿ 82ರ ಹಸಿರು ಇದ್ದರೆ ಬೆಚ್ಚಬೇಡಿ. ಬಾಲದ ರೆಕ್ಕೆಯ ಮೇಲಿನ ಆರಂಕಿಯ ಸಂಖ್ಯೆ ಓದಲು ಬಂದರೆ ಇನ್ನೂ ಒಳ್ಳೆಯದು: 600 ಅಥವಾ 601ರಿಂದ ಶುರುವಾದರೆ ಕಾಸೆಲ್‌ನ ಫೀಸಲರ್ ಕಾರ್ಖಾನೆಯದು. ಅದೇ ಸರಣಿಯ ಬೇರೆ ವಿಮಾನಗಳ ಫೋಟೋ ಹುಡುಕಿ.

ಕೆಳಭಾಗದ ಬಗ್ಗೆ ನನ್ನ ಪಾಡು ಹೇಳುತ್ತೇನೆ. ನನ್ನ ಮೊದಲ ಡಿ-9ಕ್ಕೆ ಹೊಟ್ಟೆಯಿಡೀ 76ರ ತಿಳಿನೀಲಿ ಬಳಿದು, ವಾರ್ನಿಷ್ ಕೂಡ ಹೊಡೆದು ಮುಗಿಸಿದ್ದೆ. ಆಮೇಲೆ ಯುದ್ಧ ಮುಗಿದಾಗ ಸೆರೆಸಿಕ್ಕ ವಿಮಾನಗಳ ಫೋಟೋ ನೋಡಿದರೆ ರೆಕ್ಕೆಯ ಅಡಿಭಾಗದ ಬಹುಪಾಲು ಬರೀ ಲೋಹ! ಮುಂಚೂಣಿ ಅಂಚಿಗೂ ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ, ಬಟ್ಟೆ ಹೊದಿಸಿದ ಐಲೆರಾನ್‌ಗಳಿಗೂ ಮಾತ್ರ ಬಣ್ಣ. ಎರಡು ಸಂಜೆ ಉಜ್ಜಿ ತೆಗೆದೆ. ನೀವು ಮೊದಲೇ ಅಲ್ಯೂಮಿನಿಯಂ ಬಣ್ಣ ಹೊಡೆದು, ಒಣಗಿದ ಮೇಲೆ ಟೇಪ್ ಅಂಟಿಸಿ ಉಳಿದದ್ದನ್ನು ಬಳಿಯಿರಿ.

ಅಂಗಡಿಯವರು ‘ಆರ್‌ಎಲ್‌ಎಂ 84’ ಎಂಬ ಹಸಿರು ಛಾಯೆಯ ಡಬ್ಬಿ ತೋರಿಸಿದರೆ ಬೇಡ ಎನ್ನಬೇಡಿ, ಬಣ್ಣ ಉಪಯುಕ್ತವೇ. ಆದರೆ ಆ ಸಂಖ್ಯೆ ಆಗಿನ ಸರ್ಕಾರದ್ದಲ್ಲ, ನಂತರದ ಸಂಶೋಧಕರು ಇಟ್ಟ ಹೆಸರು.

ಅಂದ ಹಾಗೆ, ಈ ವಿಮಾನದ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಮುಂದೆ ನಮ್ಮ ಬೆಂಗಳೂರಿನ ಎಚ್‌ಎಎಲ್‌ಗೆ ಬಂದು ಮಾರುತ್ ಯುದ್ಧವಿಮಾನ ವಿನ್ಯಾಸಗೊಳಿಸಿದವರು. ಅದು ಮೊದಲು ಹಾರಿದ್ದು 1961ರಲ್ಲಿ. ಡಿ-9 ಮುಗಿದ ಮೇಲೆ ಕಪಾಟಿನಲ್ಲಿ ಪಕ್ಕದ ಜಾಗ ಖಾಲಿ ಬಿಟ್ಟಿರಿ.

ತ್ರಿಕೋನದ ಹೋಲಿಕೆ ಮಾಡಿ, ಹಿಗ್ಗಿಸಿದ ಚಿತ್ರವನ್ನು ಇಲ್ಲೇ ಹಾಕಿ. ಅದನ್ನು ನೋಡುವವರೆಗೆ ಹಳದಿ ಡಬ್ಬಿ ತೆರೆಯಬೇಡಿ.