ಪ್ರಶ್ನೋತ್ತರ: ಹಳಿಯ ಮೇಲಿನ ಇಸವಿ ನಿಲ್ದಾಣದ ವಯಸ್ಸೇ?

ಪ್ರಶ್ನೆ: ಹಳ್ಳಿಯ ಹೊರಗೆ ರೈಲು ನಿಂತುಹೋದ ಪುಟ್ಟ ನಿಲ್ದಾಣವಿದೆ. ಹಳಿಯ ಪಕ್ಕೆಯಲ್ಲಿ ಇಸವಿಯೊಂದು ಉಬ್ಬಕ್ಷರದಲ್ಲಿದೆ. ನಿಲ್ದಾಣ ತೆರೆದದ್ದು ಆ ವರ್ಷವೇ?

ಉತ್ತರ: ಅವಸರ ಬೇಡ. ಅದು ಕಾರ್ಖಾನೆಯಲ್ಲಿ ಆ ಹಳಿ ತಯಾರಾದ ವರ್ಷ. ಮುಖ್ಯ ಮಾರ್ಗದಲ್ಲಿ ಸವೆದ ಹಳಿಗಳನ್ನು ಕಿತ್ತು, ಸಂಚಾರ ಕಡಿಮೆಯಿರುವ ಕವಲು ಮಾರ್ಗಕ್ಕೆ ಹಾಕುವುದು ವಾಡಿಕೆ. ಹೀಗಾಗಿ ಹಳಿ ನಿಲ್ದಾಣಕ್ಕಿಂತ ಹಳೆಯದಿರಬಹುದು. ದುರಸ್ತಿಯಲ್ಲಿ ಬದಲಿಸಿದ್ದರೆ ಹೊಸದೂ ಇರಬಹುದು. ಒಂದೇ ಹಳಿ ನೋಡಿ ತೀರ್ಮಾನಿಸುವವರು ಎಡವುವುದು ಇಲ್ಲೇ. ಹತ್ತಾರು ಹಳಿಗಳ ಗುರುತು ಬರೆದುಕೊಳ್ಳಿ. ಇಸವಿಯ ಜೊತೆ ತಯಾರಕರ ಹೆಸರು, ತೂಕವೂ ಇರುತ್ತದೆ. ಹಳೆಯ ಹಳಿಗಳಲ್ಲಿ ಅದು ಗಜಕ್ಕೆ ಇಷ್ಟು ಪೌಂಡ್ ಎಂಬ ಲೆಕ್ಕ.

ಮಾರ್ಗದ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, ತಿಳಿಯಲು ಹಳಿಗಳ ಒಳ ಅಂಚಿನಿಂದ ಒಳ ಅಂಚಿಗೆ ಅಳೆಯಿರಿ: 1,000 ಮಿ.ಮೀ. ಬಂದರೆ ಮೀಟರ್ ಗೇಜ್, 1,435 ಸ್ಟ್ಯಾಂಡರ್ಡ್, 1,676 ಬ್ರಾಡ್. ಹಳಿ ಕಿತ್ತಿದ್ದರೂ ಮರದ ಸ್ಲೀಪರ್ (ಹಳಿಯಡಿಯ ಅಡ್ಡದಿಮ್ಮಿ) ಉಳಿದಿದ್ದರೆ ಮೊಳೆಯ ತೂತುಗಳಿಂದ ಅಂದಾಜು ಸಿಗುತ್ತದೆ. ಒಂದೇ ಸ್ಲೀಪರಿನಲ್ಲಿ ಎರಡು ಜೊತೆ ತೂತುಗಳಿದ್ದರೆ ಗೇಜ್ ಬದಲಾಗಿರಬಹುದು, ಇಲ್ಲವೇ ಸ್ಲೀಪರನ್ನೇ ಬೇರೆಡೆಯಿಂದ ತಂದಿರಬಹುದು. ನೀರಿನ ತೊಟ್ಟಿ, ಕಬ್ಬಿಣದ ನೀರುಕಂಬ ಕಂಡರೆ ಅಲ್ಲಿ ಉಗಿ ಎಂಜಿನ್‌ಗೆ ನೀರು ತುಂಬುತ್ತಿದ್ದರು.

ತೆರೆದ ವರ್ಷಕ್ಕೆ ಸರ್ವೆ ನಕ್ಷೆಗಳೇ ಗಟ್ಟಿ ಆಧಾರ. ನಿಲ್ದಾಣವಿಲ್ಲದ ಕೊನೆಯ ನಕ್ಷೆಗೂ ಅದಿರುವ ಮೊದಲ ನಕ್ಷೆಗೂ ನಡುವೆ ಹುಡುಕಿ. ಮುದ್ರಣದ ವರ್ಷವಲ್ಲ, ಸರ್ವೆ ನಡೆದ ವರ್ಷ ಮುಖ್ಯ. ಬಳಿಕ ಆ ಅವಧಿಯ ರೈಲು ವೇಳಾಪಟ್ಟಿಗಳನ್ನು ತಿರುವಿ ಹಾಕಿ. ಮುಚ್ಚಿದ ದಿನ ಎರಡಿರಬಹುದು: ಪ್ರಯಾಣಿಕರ ರೈಲು ನಿಂತ ಮೇಲೂ ಸರಕು ಸಾಗಣೆ ವರ್ಷಗಟ್ಟಲೆ ನಡೆದ ನಿಲ್ದಾಣಗಳಿವೆ.