ಒಬ್ಬಳು ಮಾಡುತ್ತಾಳೆ, ಮೂವರು ನೋಡುತ್ತಾರೆ: ಸಂಪಾದಕರ ಉತ್ತರ

ಮಾನ್ಯ ಶಿಕ್ಷಕಿಯವರಿಗೆ ನಮಸ್ಕಾರ.

ಮಕ್ಕಳು ಸಣ್ಣ ಗುಂಪುಗಳಲ್ಲಿ ಒಬ್ಬರಿಗೊಬ್ಬರು ನೆರವಾಗಿ ಕಲಿಯುವ ಸಹಕಾರಿ ಕಲಿಕೆಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ಪ್ರತಿಕ್ರಿಯೆಯಾಗಿ ತಾವು ಬರೆದ ಪತ್ರ ತಲುಪಿದೆ. ಹತ್ತನೆಯ ತರಗತಿಯಲ್ಲಿ ಓಮನ ನಿಯಮದ (ವೋಲ್ಟೇಜ್ ಹೆಚ್ಚಿದಷ್ಟೇ ಅನುಪಾತದಲ್ಲಿ ತಂತಿಯ ವಿದ್ಯುತ್ ಪ್ರವಾಹವೂ ಹೆಚ್ಚುತ್ತದೆ ಎಂಬುದರ) ಪ್ರಯೋಗವನ್ನು ನಾಲ್ವರ ಗುಂಪುಗಳಲ್ಲಿ ಮಾಡಿಸಿದಾಗ ಪ್ರತಿ ಗುಂಪಿನಲ್ಲೂ ಒಬ್ಬರೇ ದುಡಿದರು, ಉಳಿದ ಮೂವರು ಅಂಕಿಗಳನ್ನು ನಕಲು ಮಾಡಿಕೊಂಡರು, ಗಲಾಟೆ ಕೇಳಿ ಮುಖ್ಯೋಪಾಧ್ಯಾಯರು ಬಾಗಿಲಿಗೆ ಬಂದರು ಎಂದಿದ್ದೀರಿ. ಪೋರ್ಷನ್ ಮುಗಿಸುವ ಒತ್ತಡದ ನಡುವೆ ಇದು ಬೇಕೇ ಎಂಬುದು ತಮ್ಮ ಮೊದಲ ಪ್ರಶ್ನೆ. ಗುಂಪುಗಳನ್ನು ಮಕ್ಕಳೇ ಆರಿಸಿಕೊಳ್ಳಲಿ ಎಂದು ಬಿಡಬಹುದೇ ಎಂಬುದು ಎರಡನೆಯದು.

ತಾವು ಕಂಡದ್ದು ನಿಜ. ಆದರೆ ಅದನ್ನು ಸಹಕಾರಿ ಕಲಿಕೆ ಎನ್ನಲು ನಾನು ಒಪ್ಪಲಾರೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಡೇವಿಡ್ ಮತ್ತು ರೋಜರ್ ಜಾನ್ಸನ್ ಸಹೋದರರು ಈ ವಿಧಾನಕ್ಕೆ ಐದು ಲಕ್ಷಣಗಳನ್ನು ಹೇಳುತ್ತಾರೆ. ಅವುಗಳಲ್ಲಿ ಎರಡು ಇಲ್ಲದಿದ್ದರೆ ಉಳಿದವು ಇದ್ದೂ ಉಪಯೋಗವಿಲ್ಲ: ಒಬ್ಬರ ಪಾಲಿನ ಕೆಲಸವಿಲ್ಲದೆ ಇತರರದು ಮುಂದೆ ಸಾಗಬಾರದು, ಮತ್ತು ಕಲಿತದ್ದಕ್ಕೆ ಪ್ರತಿಯೊಂದು ಮಗುವೂ ತಾನೊಬ್ಬನೇ ನಿಂತು ಉತ್ತರ ಕೊಡಬೇಕು. ತಂತಿ ಜೋಡಿಸುವುದರಿಂದ ಹಿಡಿದು ನಕ್ಷೆ ಎಳೆಯುವವರೆಗೆ ಎಲ್ಲವನ್ನೂ ಒಬ್ಬಳೇ ಮಾಡಿ ಮುಗಿಸಲು ದಾರಿಯಿದ್ದರೆ ಚುರುಕಾದವಳು ಹಾಗೆಯೇ ಮಾಡುತ್ತಾಳೆ.

ಅದೇ ಪ್ರಯೋಗವನ್ನು ಹೀಗೆ ಮಾಡಿಸಿ ನೋಡಿ. ಪಠ್ಯದಲ್ಲಿರುವಂತೆ ನೈಕ್ರೋಮ್ ತಂತಿಗೆ ಮೊದಲು ಒಂದು ಕೋಶ (ಬ್ಯಾಟರಿ ಸೆಲ್), ಆಮೇಲೆ ಎರಡು, ಮೂರು, ನಾಲ್ಕು ಎಂದು ಸೇರಿಸುತ್ತ ಹೋಗಬೇಕಷ್ಟೆ. ಒಬ್ಬರು ಕೋಶ ಜೋಡಿಸಲಿ, ಒಬ್ಬರು ಅಮ್ಮೀಟರ್ ಓದಲಿ, ಒಬ್ಬರು ವೋಲ್ಟ್‌ಮೀಟರ್ ಓದಲಿ, ಒಬ್ಬರು ಬರೆದುಕೊಳ್ಳಲಿ. ಕೋಶ ಹೆಚ್ಚಿದಾಗಲೆಲ್ಲ ಕೆಲಸವೂ ಕೈ ಬದಲಾಗಲಿ. ನಾಲ್ಕನೆಯ ಅಳತೆ ಮುಗಿಯುವ ಹೊತ್ತಿಗೆ ನಾಲ್ವರೂ ನಾಲ್ಕು ಕೆಲಸಗಳನ್ನು ಮಾಡಿರುತ್ತಾರೆ. ನಕ್ಷೆಯನ್ನು ಮಾತ್ರ ತಂತಮ್ಮ ಪುಸ್ತಕದಲ್ಲಿ ಪ್ರತಿಯೊಬ್ಬರೂ ಎಳೆಯಬೇಕು. ಬಳಿಕ ತಾವು ಗುಂಪಿನಿಂದ ಯಾರನ್ನಾದರೂ ಎಬ್ಬಿಸಿ, ಆ ಗೆರೆಯಿಂದ ತಂತಿಯ ರೋಧವನ್ನು (ಪ್ರವಾಹಕ್ಕೆ ತಂತಿ ಒಡ್ಡುವ ತಡೆಯನ್ನು) ಕಂಡುಹಿಡಿದ ಬಗೆ ಹೇಗೆಂದು ಕೇಳಬೇಕು. ಈ ಸರದಿ ಇಲ್ಲದಿದ್ದರೆ ಹುಡುಗರು ತಂತಿ ಹಿಡಿಯುವುದು, ಹುಡುಗಿಯರು ದುಂಡಗೆ ಬರೆಯುವುದು ಎಂಬ ಹಳೆಯ ಹಂಚಿಕೆ ಹೇಳದೆಯೇ ಬಂದು ಕೂರುತ್ತದೆ.

ಲೇಖನದಲ್ಲಿ ಪ್ರಸ್ತಾಪವಾದ ‘ಜಿಗ್‌ಸಾ’ ವಿಧಾನ ಬೇರೆ ಬಗೆಯ ಪಾಠಕ್ಕೆ ಒದಗುತ್ತದೆ. ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಹೊಸದಾಗಿ ಒಂದೇ ತರಗತಿಗೆ ಬಂದು ಜಗಳಗಳು ಹೆಚ್ಚಿದ್ದಾಗ, 1971ರಲ್ಲಿ ಟೆಕ್ಸಸ್‌ನ ಆಸ್ಟಿನ್ ಶಾಲೆಗಳಲ್ಲಿ ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ ಇದನ್ನು ರೂಪಿಸಿದರು. ನಮ್ಮ ‘ಜೀವಕ್ರಿಯೆಗಳು’ ಅಧ್ಯಾಯ ಇದಕ್ಕೆ ಹೇಳಿ ಮಾಡಿಸಿದಂತಿದೆ: ಪೋಷಣೆ, ಉಸಿರಾಟ, ಸಾಗಾಣಿಕೆ, ವಿಸರ್ಜನೆ ಎಂಬ ಭಾಗಗಳನ್ನು ಪ್ರತಿ ಗುಂಪಿನ ನಾಲ್ವರಿಗೆ ಹಂಚಿ, ಬೇರೆ ಬೇರೆ ಗುಂಪುಗಳಲ್ಲಿ ಒಂದೇ ಭಾಗ ಸಿಕ್ಕವರೆಲ್ಲ ಮೊದಲು ಒಟ್ಟಿಗೆ ಕೂತು ಚರ್ಚಿಸಿ, ಆಮೇಲೆ ತಂತಮ್ಮ ಗುಂಪಿಗೆ ಮರಳಿ ಕಲಿಸಬಹುದು. ಓಮನ ನಿಯಮದಂತೆ ಒಂದರ ಮೇಲೊಂದು ನಿಲ್ಲುವ ವಿಷಯವನ್ನು ಹೀಗೆ ತುಂಡು ಮಾಡಿದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಇದೆಲ್ಲ ಸೌಕರ್ಯವುಳ್ಳ ಶಾಲೆಗಳ ಮಾತು ಎಂಬ ತಮ್ಮ ಆಕ್ಷೇಪಕ್ಕೆ ಮಧ್ಯಪ್ರದೇಶದ ಹೋಶಂಗಾಬಾದ್ (ಈಗಿನ ನರ್ಮದಾಪುರಂ) ಉತ್ತರವಾಗಬಲ್ಲದು. 1972ರಲ್ಲಿ 16 ಗ್ರಾಮೀಣ ಶಾಲೆಗಳಲ್ಲಿ ಆರಂಭವಾದ ಅಲ್ಲಿನ ವಿಜ್ಞಾನ ಕಾರ್ಯಕ್ರಮದಲ್ಲಿ ಆರರಿಂದ ಎಂಟನೆಯ ತರಗತಿಯ ಮಕ್ಕಳು ನಾಲ್ವರ ತಂಡಗಳಲ್ಲಿ, ಅಗ್ಗದ ಸಾಮಗ್ರಿಗಳಿಂದ, ತಾವೇ ಪ್ರಯೋಗ ಮಾಡಿ ಕಲಿತರು. ಪರೀಕ್ಷೆಯನ್ನೂ ಅದಕ್ಕೆ ತಕ್ಕಂತೆ ಬದಲಿಸಿದ್ದರು: ಪುಸ್ತಕ ತೆರೆದಿಟ್ಟು ಬರೆಯಬಹುದಿತ್ತು, ಪ್ರಯೋಗವನ್ನು ಕೈಯಾರೆ ಮಾಡಿ ತೋರಿಸಬೇಕಿತ್ತು. ನೂರಾರು ಶಾಲೆಗಳಿಗೆ ಹಬ್ಬಿದ್ದ ಕಾರ್ಯಕ್ರಮವನ್ನು 2002ರಲ್ಲಿ ಸರ್ಕಾರ ನಿಲ್ಲಿಸಿದ್ದು ನನ್ನ ದೃಷ್ಟಿಯಲ್ಲಿ ದೊಡ್ಡ ನಷ್ಟ. ನಮ್ಮ ಎಸ್‌ಎಸ್‌ಎಲ್‌ಸಿ ವಿಜ್ಞಾನದ 80 ಅಂಕಗಳ ಲಿಖಿತ ಪರೀಕ್ಷೆ ತಮ್ಮ ಕೈಯಲ್ಲಿಲ್ಲ. ಆಂತರಿಕ ಮೌಲ್ಯಮಾಪನದ 20 ಅಂಕಗಳಲ್ಲಿ ಮಾತ್ರ ಸ್ವಲ್ಪ ಅವಕಾಶವಿದೆ. ಹಾಗಾಗಿ ಪ್ರತಿ ಪಾಠಕ್ಕೂ ಇದನ್ನು ಹಚ್ಚಬೇಕೆಂದು ನಾನು ಹೇಳುವುದಿಲ್ಲ. ತಿಂಗಳಿಗೆ ಎರಡು ಪಾಠಗಳಾದರೂ ಸಾಕು.

ಗುಂಪಿಗೆಲ್ಲ ಒಂದೇ ಅಂಕ ಕೊಡುವುದು ಖಂಡಿತ ಬೇಡ. ಅಮೆರಿಕದ ಶಿಕ್ಷಣ ಸಂಶೋಧಕ ರಾಬರ್ಟ್ ಸ್ಲಾವಿನ್ ರೂಪಿಸಿದ ಕ್ರಮದಲ್ಲಿ ಗುಂಪಿನಲ್ಲಿ ಕಲಿತರೂ ಕಿರುಪರೀಕ್ಷೆಯನ್ನು ಒಬ್ಬೊಬ್ಬರೇ ಬರೆಯುತ್ತಾರೆ, ಮತ್ತು ಪ್ರತಿಯೊಬ್ಬರೂ ತಮ್ಮ ಹಿಂದಿನ ಸರಾಸರಿಗಿಂತ ಎಷ್ಟು ಮೇಲೇರಿದರು ಎಂಬುದರಿಂದ ತಂಡದ ಅಂಕ ನಿರ್ಧಾರವಾಗುತ್ತದೆ. ಎಂಟರಿಂದ ಹದಿಮೂರಕ್ಕೆ ಏರಿದ ಹುಡುಗ ಆಗ ತಂಡಕ್ಕೆ ಹೊರೆಯಾಗುವುದಿಲ್ಲ. ಅವನಿಗೆ ಹೇಳಿಕೊಡುವುದರಲ್ಲಿ ಉಳಿದವರಿಗೂ ಲಾಭವಿದೆ.

ಗಲಾಟೆಯ ಬಗ್ಗೆ ಮುಖ್ಯೋಪಾಧ್ಯಾಯರಿಗೆ ಮೊದಲೇ ತಿಳಿಸಿಬಿಡಿ. ಗುಂಪುಗಳನ್ನು ಮಾತ್ರ ತಾವೇ ಮಾಡಬೇಕು. ಮಕ್ಕಳಿಗೆ ಬಿಟ್ಟರೆ ಒಂದೇ ಕೇರಿಯವರು, ಒಂದೇ ಬಸ್ಸಿನವರು ಒಟ್ಟಾಗುತ್ತಾರೆ, ಯಾರಿಗೂ ಬೇಡವಾದ ಇಬ್ಬರು ಕೊನೆಯ ಬೆಂಚಿನಲ್ಲಿ ಉಳಿಯುತ್ತಾರೆ. ಅಂಕಪಟ್ಟಿ ನೋಡಿ ಮುಂದಿರುವ ಒಬ್ಬರು, ಹಿಂದಿರುವ ಒಬ್ಬರು, ನಡುವಿನ ಇಬ್ಬರು ಎಂಬಂತೆ ಬೆರೆಸಿ, ಐದಾರು ವಾರ ಅದೇ ಗುಂಪು ಇರಲಿ, ನಂತರ ಬದಲಿಸಿ.

ಸಂಪಾದಕ